ಆರಿಸಿದರೂ ಮಿಣುಕುವ ಬಲ್ಬು

“ಮೇಷ್ಟ್ರೇ, ಕೊಟ್ಟಿಗೆ ಬಲ್ಬು ಆರ್ಸಿದ್ರೂ ಮಿಣಕ್ ಮಿಣಕ್ ಅಂತದೆ ಕನ. ನಿನ್ನೆ ರಾತ್ರಿ ಎರಡ್ಸಲ ಎದ್ದೋಗಿ ನೋಡ್ದೆ.”

ದಾಸವಾಳದ ಬೇಲಿಯ ಆಚೆಯಿಂದ ಅಕ್ಕನ ದನಿ. ನಮ್ಮಿಬ್ಬರ ಹಿತ್ತಿಲ ನಡುವಿನ ಬೇಲಿ ತೆಳುವಾಗಿರುವ ಕಡೆ ಅವರ ಬಟ್ಟೆ ಒಗೆಯುವ ಕಲ್ಲಿದೆ. ಮುಡುಕುತೊರೆಯ ಅರ್ಧ ಸುದ್ದಿ ನನಗೆ ಆ ಕಲ್ಲಿನ ಹತ್ತಿರವೇ ಸಿಗುವುದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿ ಮನೆಗೆ ಬಂದ ಮೇಲೆ ಬೆಳಗಿನ ಕಾಫಿ ಲೋಟ ಹಿಡಿದುಕೊಂಡು ನಾನು ನಿಲ್ಲುವ ಜಾಗವೂ ಅದೇ.

“ಸ್ವಿಚ್ ಹೊಸ್ದಾ ಅಕ್ಕಾ?”

“ಹೂಂ, ಮೊನ್ನೆ ಹಾಕ್ಸಿದ್ದು. ಕತ್ತಲಲ್ಲಿ ಕಾಣ್ಲಿ ಅಂತ ಅದರಲ್ಲೇ ಒಂದು ಕೆಂಪು ಚುಕ್ಕೆ ದೀಪ ಅದೆ.”

“ಬಲ್ಬು ಬಿಚ್ಚಿಟ್ರೆ ಆ ಕೆಂಪು ಚುಕ್ಕೆ ಉರೀತದಾ, ಆರ್ತದಾ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೊಟ್ಟಿಗೆಗೆ ಹೋದರು. ಸ್ಟೂಲು ಎಳೆದ ಸದ್ದು ಕೇಳಿಸಿತು, ಹಸು ಒಂದು ಸಲ ಕೂಗಿತು. ವಾಪಸು ಬಂದವರ ಕಣ್ಣು ಅಗಲವಾಗಿತ್ತು. “ಆರೋಯ್ತು! ಬಲ್ಬು ಬಿಚ್ಚಿದ್ರೆ ಸ್ವಿಚ್ಚಿನ ದೀಪ ಯಾಕೆ ಆರ್ಬೇಕು ಮೇಷ್ಟ್ರೇ?”

ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ಕೊಟ್ಟಿಗೆಗೆ ಹೋಗಿ ಏನನ್ನೂ ಬಿಚ್ಚಿ ನೋಡಬೇಕಾಗಿರಲಿಲ್ಲ. ಆ ಕೆಂಪು ಚುಕ್ಕೆ ಕೂತಿರುವುದು ಸ್ವಿಚ್ಚಿನ ಎರಡು ತುದಿಗಳ ನಡುವೆ. ಸ್ವಿಚ್ ಆರಿಸಿದಾಗ ದೊಡ್ಡ ದಾರಿ ಮುಚ್ಚುತ್ತದೆ, ಈ ಕಾಲುದಾರಿ ತೆರೆದೇ ಇರುತ್ತದೆ. ಅದರಲ್ಲಿ ಹೋಗುವ ಕರೆಂಟು ಒಂದು ಮಿಲಿಆಂಪಿಯರ್ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಆ ಕರೆಂಟು ಬಲ್ಬಿನ ಮೂಲಕವೇ ಹಾದು ಹೋಗಬೇಕು. ಬಲ್ಬು ಬಿಚ್ಚಿದರೆ ದಾರಿಯೇ ಇಲ್ಲವಾಗಿ ಚುಕ್ಕೆ ಆರುತ್ತದೆ. ಹಿಂದಿನ ಕಾಲದ ತಂತಿ ಬಲ್ಬಿಗೆ ಇದು ಲೆಕ್ಕಕ್ಕೇ ಇರಲಿಲ್ಲ. 60 ವ್ಯಾಟಿನ ಬಲ್ಬು ಉರಿಯಬೇಕಾದರೆ ಅದಕ್ಕೆ ಸುಮಾರು 260 ಮಿಲಿಆಂಪಿಯರ್ ಬೇಕು. ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲಿ ಮಾತ್ರ ಒಂದು ಪುಟ್ಟ ಕೆಪಾಸಿಟರ್ ಇದೆ, ನಮ್ಮವರು ಕಂಡೆನ್ಸರ್ ಅನ್ನುತ್ತಾರಲ್ಲ, ಅದು. ನಲ್ಲಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಿಂದಿಗೆಯ ಹಾಗೆ ಅದು ನಿಧಾನ ತುಂಬುತ್ತದೆ. ತುಂಬಿದ ಕೂಡಲೇ ಬಲ್ಬು ಒಂದು ಸಲ ಮಿಣುಕುತ್ತದೆ, ಬಿಂದಿಗೆ ಬರಿದಾಗುತ್ತದೆ, ಮತ್ತೆ ತುಂಬುತ್ತದೆ.

“ಅಂದ್ರೆ ಕಾಣ್ದೆ ಇರೋ ಎರಡು ಸಾಮಾನು,” ಅಂದರು ಅಕ್ಕ. “ಸ್ವಿಚ್ಚಲ್ಲೊಂದು, ಬಲ್ಬಲ್ಲೊಂದು. ಎರಡೂ ಸೇರ್ಕೊಂಡು ಆಟ ಆಡ್ತಾವೆ.”

ಇದಕ್ಕಿಂತ ಚೆನ್ನಾಗಿ ನನ್ನ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿದ ಮೇಲೆ ನನಗೆ ಅಟ್ಟದ ಮೇಲಿದ್ದ ಹಲಗೆ ನೆನಪಾಯಿತು.

ಅದು ಹಲಸಿನ ಮರದ ಹಲಗೆ, ಒಂದು ಮೊಳ ಉದ್ದ. ಮೇಲೆ ಎರಡು ಸ್ವಿಚ್ಚು, ಎರಡು ಟಾರ್ಚ್ ಬಲ್ಬು, ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಬದಿಯಲ್ಲಿ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್. ತಂತಿ ಪೂರ್ತಿ ಬೆತ್ತಲೆ, ಎಲ್ಲರಿಗೂ ಕಾಣುವ ಹಾಗೆ ಮೊಳೆಯಿಂದ ಮೊಳೆಗೆ ಎಳೆದದ್ದು. ಬೆರಳಿಟ್ಟುಕೊಂಡು ಹೋದರೆ ಟ್ರಾನ್ಸ್‌ಫಾರ್ಮರಿನಿಂದ ಮೊದಲ ಸ್ವಿಚ್ಚು, ಅಲ್ಲಿಂದ ಎರಡನೆಯ ಸ್ವಿಚ್ಚು, ಅಲ್ಲಿಂದ ಕೆಂಪು ಬಲ್ಬು, ಹಸಿರು ಬಲ್ಬು, ಮತ್ತೆ ಟ್ರಾನ್ಸ್‌ಫಾರ್ಮರಿಗೆ. ಒಂದೇ ದಾರ, ಕವಲಿಲ್ಲ. ಜಾತ್ರೆಯ ಸೀರಿಯಲ್ ಸೆಟ್ ನೋಡಿದ ಯಾವ ಮಗುವೂ ಹೇಳುತ್ತದೆ: ಎರಡು ಸ್ವಿಚ್ಚೂ ಹಾಕಿದರೆ ಎರಡು ಬಲ್ಬೂ ಉರಿಯಬೇಕು, ಒಂದನ್ನು ಆರಿಸಿದರೂ ಎರಡೂ ಆರಬೇಕು. ಈ ಹಲಗೆಯಲ್ಲಿ ಹಾಗಾಗುವುದಿಲ್ಲ. ಮೊದಲ ಸ್ವಿಚ್ ಹಾಕಿದರೆ ಕೆಂಪು ಮಾತ್ರ ಉರಿಯುತ್ತದೆ. ಎರಡನೆಯದು ಹಾಕಿದರೆ ಹಸಿರು ಮಾತ್ರ. ಎರಡೂ ಹಾಕಿದರೆ ಎರಡೂ.

ಇದು ನನ್ನ ಬುದ್ಧಿಯಲ್ಲಿ ಹುಟ್ಟಿದ್ದಲ್ಲ. ಎಲೆಕ್ಟ್ರಾನಿಕ್ಸ್ ಕಲಿಸುವವರ ನಡುವೆ ದೇಶ ದೇಶ ಸುತ್ತಿರುವ ಹಳೆಯ ಒಗಟು. ನಾನು ಮಾಡಿದ್ದು ಹಲಗೆ ಕೊರೆದದ್ದು, ಬಲ್ಬಿನ ಹೋಲ್ಡರಿನ ಕೆಳಗೆ, ಸ್ವಿಚ್ಚಿನ ಕೆಳಗೆ ಸಾಸಿವೆ ಡಬ್ಬಿಯ ಮುಚ್ಚಳದಷ್ಟು ಗುಂಡಿ ತೋಡಿ ಗುಟ್ಟು ಅಡಗಿಸಿದ್ದು. ಎಷ್ಟೋ ವರ್ಷ ಅದನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದಿಟ್ಟಿದ್ದೇನೆ. ಮೇಷ್ಟ್ರಿಗೆ ಮಂತ್ರ ಬರುತ್ತೆ ಅಂದ ಮಕ್ಕಳಿದ್ದರು. ಮೇಜಿನ ಕೆಳಗೆ ಬಗ್ಗಿ ಯಾರಾದರೂ ಕೂತಿದ್ದಾರಾ ಅಂತ ನೋಡಿದವರಿದ್ದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೊದಲನೇ ನಿಮಿಷಕ್ಕೇ ಬಿಚ್ಚಲು ಹೊರಟವರೂ ಇದ್ದರು. ಅವರ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಬಿಚ್ಚಿದರೆ ನಾಲ್ಕು ಕರಿ ಕಾಳು ಕಾಣುತ್ತವೆ, ಅಷ್ಟೇ. ಅವು ಅಲ್ಲಿ ಯಾಕಿವೆ, ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದು ಬಿಚ್ಚಿದವನಿಗೆ ಕಾಣುವುದಿಲ್ಲ.

ಈ ಮಾತನ್ನು ಅಕ್ಕನ ಮುಂದೆ ಹೇಳಿದಾಗ ಅವರು ಒಂದೇ ಏಟಿಗೆ ಒಪ್ಪಿದರು. “ಎತ್ತಿನ ಹೊಟ್ಟೆ ಸೀಳಿ ನೋಡಿ ಯಾರಾದ್ರೂ ಎತ್ತು ಕೊಳ್ತಾರಾ ಮೇಷ್ಟ್ರೇ?”

ಅವರದು ದನ ಕಟ್ಟಿದ ಮನೆ. ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಜಾತ್ರೆ ಕೂಡಿದಾಗ ಹಳ್ಳಿಕಾರ್ ಜೋಡಿಗಳು ಬಂದು ನಿಲ್ಲುತ್ತವಲ್ಲ, ಅಲ್ಲಿ ಅವರ ಯಜಮಾನರು ಎತ್ತು ನೋಡುತ್ತಿದ್ದುದನ್ನು ನಾನೂ ನಿಂತು ನೋಡಿದ್ದೇನೆ. ಬಾಯಿ ತೆರೆಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಅಂತ ಎಣಿಸುವರು. ಮೈಮೇಲಿನ ಸುಳಿ ನೋಡುವರು. ನಾಲ್ಕು ಹೆಜ್ಜೆ ನಡೆಸುವರು, ತಿರುಗಿಸಿ ಮತ್ತೆ ನಡೆಸುವರು, ಬೆನ್ನ ಮೇಲೆ ಅಂಗೈ ಇಟ್ಟು ಚರ್ಮ ನಡುಗುವುದನ್ನು ನೋಡುವರು. ಒಳಗಿನದ್ದನ್ನು ಹೊರಗಿನಿಂದ ಕೇಳಿ ತಿಳಿಯುವ ವಿದ್ಯೆ ಅದು. ಆಮೇಲೆ ಬೆಲೆಯ ಮಾತು. ಅದು ಇನ್ನೊಂದು ಮುಚ್ಚಿದ ಪೆಟ್ಟಿಗೆ. ದಲ್ಲಾಳಿ ಟವೆಲ್ ಇಳಿಬಿಟ್ಟು ಅದರ ಮರೆಯಲ್ಲಿ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಯಾವ ಬೆರಳು ಅನ್ನುವುದು ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಕಾಣದು. ಸುತ್ತ ನಿಂತವರು ಟವೆಲ್ ನೋಡುವುದಿಲ್ಲ, ಮುಖ ನೋಡುತ್ತಾರೆ. ಮಾರುವವನು ಕೈ ಕೊಡವಿ ಎಳೆದುಕೊಂಡನಾ, ಹಾಗೇ ಇಟ್ಟುಕೊಂಡು ತಲೆ ಅಲ್ಲಾಡಿಸಿದನಾ ಅನ್ನುವುದರ ಮೇಲೆ ವ್ಯಾಪಾರ ಎಲ್ಲಿಗೆ ಬಂತು ಅಂತ ಹೇಳಿಬಿಡುತ್ತಾರೆ.

ಆ ವಾರ ಅಕ್ಕನ ಮೊಮ್ಮಗಳು ಮೈಸೂರಿನಿಂದ ಬಂದಿದ್ದಳು. ಎಂಜಿನಿಯರಿಂಗ್ ಮೊದಲ ವರ್ಷ. ಹಲಗೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಅವರ ಅಡುಗೆಮನೆ ಕಿಟಕಿಯಿಂದ ವೈರು ಎಳೆದು, “ಕೂಸೇ, ಸ್ಕ್ರೂ ಮುಟ್ಟಂಗಿಲ್ಲ, ಇನ್ನು ಏನು ಬೇಕಾದ್ರೂ ಮಾಡು” ಅಂದೆ.

ಅವಳು ಎರಡು ಸಲ ಸ್ವಿಚ್ ಒತ್ತಿ ನಕ್ಕಳು. “ಬ್ಲಾಕ್ ಬಾಕ್ಸ್, ಮೇಷ್ಟ್ರು ತಾತ! ನಮ್ಮ ಲ್ಯಾಬಲ್ಲಿ ಇದೆ.”

ವಿಟಿಯು ಕಾಲೇಜುಗಳ ಭೌತಶಾಸ್ತ್ರದ ಪ್ರಯೋಗಗಳಲ್ಲಿ ಅದೊಂದಿದೆ ಅಂತ ನನಗೂ ಗೊತ್ತಿತ್ತು. ಮುಚ್ಚಿದ ಪೆಟ್ಟಿಗೆ, ಹೊರಗೆ ತುದಿಗಳು ಮಾತ್ರ. ಒಳಗೆ ರೆಸಿಸ್ಟರ್, ಇಂಡಕ್ಟರ್, ಕೆಪಾಸಿಟರ್ ಯಾವುದು ಎಲ್ಲಿದೆ ಅಂತ ಹೊರಗಿನಿಂದಲೇ ಹೇಳಬೇಕು, ಬೆಲೆಯನ್ನೂ ಕಂಡುಹಿಡಿಯಬೇಕು. ಅವಳು ಅಜ್ಜಿಗೆ ಕೈಯಾಡಿಸಿ ವಿವರಿಸಿದಳು. ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ಕರೆಂಟು ಕೊಟ್ಟಾಗ ಏನೂ ಹರಿಯದಿದ್ದರೆ ಅದು ಕೆಪಾಸಿಟರ್. ಆಮೇಲೆ ಹಿಂದೆ ಮುಂದೆ ಆಡುವ ಕರೆಂಟು ಕೊಟ್ಟು ಆಡುವ ವೇಗ ಹೆಚ್ಚಿಸುತ್ತಾ ಹೋಗಬೇಕು. ಯಾವುದಕ್ಕೆ ವೇಗದ ಪರಿವೆಯೇ ಇಲ್ಲವೋ ಅದು ರೆಸಿಸ್ಟರ್. ವೇಗ ಹೆಚ್ಚಿದಂತೆ ಕರೆಂಟು ಕುಗ್ಗಿದರೆ ಅದು ಸುರುಳಿ ಸುತ್ತಿದ ಇಂಡಕ್ಟರ್, ಹಿಗ್ಗಿದರೆ ಕೆಪಾಸಿಟರ್. ಅಕ್ಕನಿಗೆ ಹೆಸರುಗಳು ತಲೆಗೆ ಹೋಗಲಿಲ್ಲ, ಆದರೆ “ನಡ್ಸಿ ನೋಡೋದು” ಅನ್ನುವುದು ಪೂರ್ತಿ ಹೋಯಿತು.

ಅವಳು ಮೊದಲು ಮಾಡಿದ್ದು ನನಗೆ ಬಹಳ ಹಿಡಿಸಿತು. ಕೆಂಪು ಬಲ್ಬು ಬಿಚ್ಚಿ ಹಸಿರಿನ ಜಾಗಕ್ಕೆ ಹಾಕಿದಳು, ಹಸಿರನ್ನು ಕೆಂಪಿನ ಜಾಗಕ್ಕೆ. ಈಗ ಮೊದಲ ಸ್ವಿಚ್ಚಿಗೆ ಹಸಿರು ಉರಿಯಿತು. “ಹಾಗಾದ್ರೆ ಗುಟ್ಟು ಬಲ್ಬಲ್ಲಿ ಇಲ್ಲ. ಇದ್ದಿದ್ರೆ ಬಲ್ಬಿನ ಜೊತೇಲೇ ಹೋಗ್ಬೇಕಿತ್ತು. ಹೋಲ್ಡರಲ್ಲಿದೆ.” ಇದೇ ಒಗಟನ್ನು ಬಲ್ಬಿನ ಹಿತ್ತಾಳೆ ಬುಡದೊಳಗೇ ಗುಟ್ಟು ತೂರಿಸಿ ಕಟ್ಟುವವರಿದ್ದಾರೆ. ಅಲ್ಲಿ ಬಣ್ಣ ಬಲ್ಬಿನ ಹಿಂದೆಯೇ ಹೋಗುತ್ತದೆ, ನೋಡುವವರಿಗೆ ತಲೆ ಕೆಟ್ಟೇ ಹೋಗುತ್ತದೆ. ಅಷ್ಟು ನಯದ ಕೆಲಸಕ್ಕೆ ನನ್ನ ಬೆಸುಗೆ ಕಡ್ಡಿ ದಪ್ಪ.

ಎರಡನೆಯದಾಗಿ ಒಂದು ಬಲ್ಬನ್ನು ಪೂರ್ತಿ ತೆಗೆದಿಟ್ಟಳು. ಹೋಲ್ಡರ್ ಖಾಲಿ. ಒಂದೇ ದಾರದಲ್ಲಿ ಪೋಣಿಸಿದ್ದರೆ ಈಗ ದಾರ ಹರಿದ ಹಾಗೆ, ಏನೂ ಉರಿಯಬಾರದು. ಎರಡನೆಯ ಸ್ವಿಚ್ ಒತ್ತಿದಳು. ಉಳಿದ ಬಲ್ಬು ಮೊದಲಿನಂತೆಯೇ ಉರಿಯಿತು. ಅವಳು ಖಾಲಿ ಹೋಲ್ಡರನ್ನೇ ನೋಡುತ್ತಾ ಕೂತಳು, ಒಂದೆರಡು ನಿಮಿಷ ಮಾತೇ ಇಲ್ಲ. ಅಕ್ಕ ಏನೋ ಕೇಳಲು ಹೊರಟರು, ನಾನು ಕೈಸನ್ನೆ ಮಾಡಿ ತಡೆದೆ. ಕಲಿಸುವವರು ಬಾಯಿ ಮುಚ್ಚಿಕೊಂಡಿರಲೇಬೇಕಾದ ಹೊತ್ತು ಅದು. ಎಷ್ಟೋ ಮಕ್ಕಳ ಕೈಯಿಂದ ಉತ್ತರವನ್ನು ನಾವು ಕಿತ್ತುಕೊಳ್ಳುವುದು ಆ ಎರಡು ನಿಮಿಷದಲ್ಲಿ.

“ತಾತ, ಒಳಗೆ ದಾರಿ ಇದೆ. ಆದ್ರೆ ಒಂದೇ ಕಡೆಗೆ ಇರೋ ದಾರಿ. ಪೆನ್‌ಸೆಲ್ ಇದೆಯಾ?”

ನಾಲ್ಕು ಪೆನ್‌ಸೆಲ್ ತಂದುಕೊಟ್ಟೆ, ಒಟ್ಟು 6 ವೋಲ್ಟ್. ತೆಗೆದಿಟ್ಟಿದ್ದ ಬಲ್ಬನ್ನು ವಾಪಸು ಹಾಕಿ, ಟ್ರಾನ್ಸ್‌ಫಾರ್ಮರಿನ ವೈರು ಬಿಚ್ಚಿ ಆ ಜಾಗಕ್ಕೆ ಸೆಲ್ ಕಟ್ಟಿದಳು. ಈಗ ಮೊದಲ ಸ್ವಿಚ್ಚು ಕೆಲಸ ಮಾಡಿತು, ಎರಡನೆಯದನ್ನು ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಸೆಲ್ಲನ್ನು ತಿರುಗಿಸಿ ಕಟ್ಟಿದಳು. ಎರಡನೆಯದು ಜೀವ ಪಡೆಯಿತು, ಮೊದಲನೆಯದು ಸತ್ತಂತಾಯಿತು. “ಡಯೋಡು!” ಅಂತ ಕೂಗಿದ್ದಕ್ಕೆ ಕೊಟ್ಟಿಗೆಯ ಕರು ಬೆಚ್ಚಿತು. “ನಾಲ್ಕು! ಸ್ವಿಚ್ಚಿಗೊಂದು, ಬಲ್ಬಿಗೊಂದು!”

ಸರಿಯಾಗಿತ್ತು. 1ಎನ್4007, ಯಾವ ರಿಪೇರಿ ಅಂಗಡಿಯಲ್ಲೂ ಸಿಗುವ ಸಾಮಾನು. ಎಳ್ಳಿಗಿಂತ ದೊಡ್ಡದು, ಕಡಲೆಗಿಂತ ಚಿಕ್ಕದು. ಕರಿ ಮೈ, ಒಂದು ತುದಿಗೆ ಬೆಳ್ಳಿ ಗೆರೆ. ಕರೆಂಟು ಗೆರೆಯ ಕಡೆಗೆ ಹೋಗಬಹುದು, ಗೆರೆಯ ಕಡೆಯಿಂದ ಬರುವಂತಿಲ್ಲ.

ಅಕ್ಕನಿಗೆ ಹೇಳುವಾಗ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಅಂದೆ. ನೀರು ಮೇಲಕ್ಕೆ ಬರಲು ಬಿಡುತ್ತದೆ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಅದು ತಕ್ಷಣ ಅರ್ಥವಾಯಿತು. ಕಷ್ಟವಾದದ್ದು ಕರೆಂಟಿನ ಮಾತು. ನಮ್ಮ ಕಾವೇರಿ ಇಲ್ಲಿ ಹೀಗೆ ಮುಡುಕಿಕೊಂಡು ಹರಿಯುವುದರಿಂದಲೇ ಊರಿಗೆ ಈ ಹೆಸರು ಬಂತು ಅನ್ನುತ್ತಾರೆ. ಆದರೆ ಎಷ್ಟೇ ಮುಡುಕಿದರೂ ಹೊಳೆ ಹಿಂದಕ್ಕೆ ಹರಿಯುವುದಿಲ್ಲ. ಮನೆಗೆ ಬರುವ ಕರೆಂಟು ಹಾಗಲ್ಲ. ಸೆಕೆಂಡಿಗೆ 50 ಸಲ ಮುಂದಕ್ಕೆ ಹೋಗಿ 50 ಸಲ ಹಿಂದಕ್ಕೆ ಬರುತ್ತದೆ. ಮರ ಕೊಯ್ಯುವಾಗ ಇಬ್ಬರು ಆ ತುದಿ ಈ ತುದಿ ಹಿಡಿದು ಎಳೆಯುವ ಗರಗಸ ನೆನಪು ಮಾಡಿಕೊಳ್ಳಿ ಅಂದೆ. ಅಕ್ಕ ಹೂಂ ಅಂದರು. ಆ ಕಡೆ ಎಳೆತಕ್ಕೆ ಕೆಂಪು ಬಲ್ಬು ಉರಿಯುತ್ತದೆ, ಈ ಕಡೆ ಎಳೆತಕ್ಕೆ ಹಸಿರು. ಕೆಂಪಿನ ಸರದಿಯಲ್ಲಿ ಹಸಿರಿನ ಕೆಳಗಿರುವ ಡಯೋಡು, ನಿನ್ನದಲ್ಲ ಇದು ಅಂತ ಕರೆಂಟನ್ನು ಪಕ್ಕದಿಂದ ದಾಟಿಸಿಬಿಡುತ್ತದೆ. ಸ್ವಿಚ್ಚಿನ ಕೆಳಗಿನ ಎರಡು ಡಯೋಡುಗಳು ಎದುರು ಬದುರು ಮುಖ ಮಾಡಿ ಕೂತಿವೆ. ಎರಡು ಸ್ವಿಚ್ಚೂ ಆರಿಸಿದ್ದರೆ ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ, ಏನೂ ಹರಿಯದು. ಒಂದು ಸ್ವಿಚ್ ಹಾಕಿದರೆ ಅಲ್ಲಿನ ಕಾವಲು ತಪ್ಪಿ ಒಂದು ಕಡೆಯ ಎಳೆತಕ್ಕೆ ಮಾತ್ರ ದಾರಿ. ಎರಡೂ ಹಾಕಿದರೆ ಎರಡೂ ಎಳೆತ.

9 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ 6 ವೋಲ್ಟಿನ ಬಲ್ಬು ಹಾಕಿದ್ದೂ ಇದಕ್ಕೇ. ಪ್ರತಿ ಬಲ್ಬಿಗೂ ಸಿಗುವುದು ಅರ್ಧ ಸರದಿ. 6ಕ್ಕೆ 6 ಕೊಟ್ಟರೆ ಮಂಕಾಗಿ ಉರಿದು, ಅರ್ಧವೇ ಸಿಗುತ್ತಿದೆ ಅನ್ನುವುದು ಮೊದಲ ನೋಟಕ್ಕೇ ಬಯಲಾಗುತ್ತದೆ.

ಅಷ್ಟು ಮಾಡಿದರೂ ಅವಳು ಇನ್ನೊಂದು ಹಿಡಿದಳು. ಟ್ರಾನ್ಸ್‌ಫಾರ್ಮರನ್ನು ಮತ್ತೆ ಕಟ್ಟಿ ಆಡಿಸುತ್ತಿದ್ದವಳು ಕೈಯನ್ನು ಬಲ್ಬಿಗೆ ಮರೆ ಮಾಡಿ ನೋಡಿ, “ಒಂದೇ ಸ್ವಿಚ್ ಹಾಕಿದಾಗ ಇರೋದಕ್ಕಿಂತ ಎರಡೂ ಹಾಕಿದಾಗ ಬೆಳಕು ಸ್ವಲ್ಪ ಜಾಸ್ತಿ ಅಲ್ವಾ ತಾತ?” ಅಂದಳು. ಇಷ್ಟು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಹೌದು, ಜಾಸ್ತಿ. ಡಯೋಡು ದಾಟಿಸುವುದಕ್ಕೆ ಸುಂಕ ತೆಗೆದುಕೊಳ್ಳುತ್ತದೆ, ಸುಮಾರು 0.7 ವೋಲ್ಟ್. ಒಂದೇ ಸ್ವಿಚ್ ಹಾಕಿದಾಗ ಕರೆಂಟು ಎರಡು ಕಡೆ ಸುಂಕ ಕಟ್ಟುತ್ತದೆ, ಆರಿಸಿದ ಸ್ವಿಚ್ಚಿನ ಕೆಳಗೊಮ್ಮೆ, ಸರದಿಯಿಲ್ಲದ ಬಲ್ಬಿನ ಕೆಳಗೊಮ್ಮೆ. ಎರಡೂ ಹಾಕಿದಾಗ ಒಂದೇ ಸುಂಕ. ಉಳಿದ ಅಷ್ಟು ವೋಲ್ಟು ಬೆಳಕಾಗಿ ಕಾಣುತ್ತದೆ. ನನಗೆ ಆ ಕ್ಷಣ ಆದ ಸಂತೋಷವನ್ನು ಹೇಗೆ ಹೇಳಲಿ. ಕಣ್ಣು ಅಷ್ಟು ಸೂಕ್ಷ್ಮವಾಗಿ ನೋಡಿದರೆ ಸೆಲ್ಲೂ ಬೇಡ, ಮೀಟರೂ ಬೇಡ.

ಕೆಳಗೆ ಶಿವನಸಮುದ್ರದಲ್ಲಿ ಇದೇ ಕಾವೇರಿಯಿಂದ 1902ರಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರಲ್ಲ, ಆಗ ಅದು ಸೆಕೆಂಡಿಗೆ 25 ಸೈಕಲ್ಲಿನ ಕರೆಂಟು. ಆ ಕರೆಂಟಿನಲ್ಲಿ ನನ್ನ ಹಲಗೆ ಇಟ್ಟಿದ್ದರೆ ಅರ್ಧ ಸರದಿಯ ಬಲ್ಬು ನಡುಗುವುದು ಕಣ್ಣಿಗೇ ಕಂಡು ಒಗಟು ನಿಲ್ಲುತ್ತಿರಲಿಲ್ಲ. 50ರಲ್ಲಿ ಕಣ್ಣು ಮೋಸ ಹೋಗುತ್ತದೆ. ಡಯೋಡು ಅನ್ನುವುದೂ ಆಗ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆಗೆ ಕೈಹಾಕಿತು. ನಾನು ಹುಡುಗನಾಗಿದ್ದಾಗ ಟಿ. ನರಸೀಪುರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಗಾಜಿನ ಮೈಯ ಪುಟ್ಟ ಡಯೋಡನ್ನು ಅಂಗೈ ಮೇಲಿಟ್ಟು, ಇದೇನಪ್ಪ ಮಣಿ ಅಂದುಕೊಂಡದ್ದು ನೆನಪಿದೆ.

ಮೊಮ್ಮಗಳು ಹೇಳಿದಳು: “ಈಗ ಆಗಿದ್ರೆ ಒಂದು ಚಿಪ್ ಹಾಕಿ ಪ್ರೋಗ್ರಾಮ್ ಬರೆದ್ರೆ ಆಯ್ತು ತಾತ. ಯಾವ ಸ್ವಿಚ್ಚಿಗೆ ಯಾವ ಬಲ್ಬು ಬೇಕಾದ್ರೂ ಹಚ್ಚಬೋದು.” ಬರೆಯಬಹುದು. ಆದರೆ ಅದನ್ನು ನಾನು ಒಗಟು ಅನ್ನುವುದಿಲ್ಲ. ಚಿಪ್ಪು ಬರೆದವನು ಹೇಳಿದಂತೆ ಕೇಳುತ್ತದೆ, ಇವತ್ತು ಹೀಗೆ, ನಾಳೆ ಹಾಗೆ. ಅಲ್ಲಿ ಹುಡುಕಬೇಕಾದದ್ದು ಬರೆದವನ ಮನಸ್ಸನ್ನು. ಡಯೋಡಿಗೆ ತನ್ನದೇ ಒಂದು ನಡತೆ ಇದೆ, ಅದು ಯಾರ ಮಾತಿಗೂ ಬದಲಾಗುವುದಿಲ್ಲ. ಎಷ್ಟು ಚೆನ್ನಾಗಿ ಅಡಗಿಸಿದರೂ, ಬಲ್ಬು ಅದಲು ಬದಲು ಮಾಡಿದರೆ, ಸೆಲ್ ತಿರುಗಿಸಿದರೆ ಅದು ಉತ್ತರ ಕೊಡಲೇಬೇಕು. ಒಗಟು ಕಟ್ಟುವವನು ಅಡಗಿಸಬಹುದು, ಸುಳ್ಳು ಹೇಳಿಸಬಾರದು.

ಇಷ್ಟು ಹೊತ್ತಿಗೆ ಅಕ್ಕನಿಗೂ ಹುರುಪು ಬಂದಿತ್ತು. ಮನೆಯಲ್ಲಿದ್ದ ಟೆಸ್ಟರ್ ತಂದು, “ಇದರೊಳಗೂ ಏನಾದ್ರೂ ಅಡಗದಾ?” ಅಂದರು. ಅದರ ಹಿಂದಿನ ತಿರುಪು ಬಿಚ್ಚಿ ಅಂಗೈ ಮೇಲೆ ಬಗ್ಗಿಸಿದೆ. ಸ್ಪ್ರಿಂಗು ಬಿತ್ತು, ಗಾಜಿನ ನಿಯಾನ್ ದೀಪ ಬಿತ್ತು, ಕೊನೆಗೆ ಬಣ್ಣದ ಗೆರೆಗಳಿರುವ ಒಂದು ರೆಸಿಸ್ಟರ್. ಸುಮಾರು ಹತ್ತು ಲಕ್ಷ ಓಮ್ಸ್. ಟೆಸ್ಟರ್ ಹಿಡಿದಾಗ ಕರೆಂಟು ನಮ್ಮ ಮೈ ಮೂಲಕವೇ ನೆಲಕ್ಕೆ ಹೋಗುತ್ತದೆ, ಆ ದೀಪ ಉರಿಯುವುದೇ ಹಾಗೆ. 230 ವೋಲ್ಟಿನ ಏಟು ನಮಗೆ ತಿಳಿಯದಂತೆ ಕಾಲು ಮಿಲಿಆಂಪಿಯರಿಗೂ ಕಡಿಮೆ ಮಾಡುವುದು ಈ ಪುಟ್ಟ ಸಾಮಾನು. ಇದನ್ನು ತೆಗೆದು ಬರೀ ತಂತಿ ಹಾಕಿದರೆ ಪ್ರಾಣ ಹೋಗುತ್ತದೆ. ಅಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. “ಇಷ್ಟು ವರ್ಷ ಇದನ್ನ ನಂಬ್ಕೊಂಡಿದ್ದೆ, ಇರೋದೇ ಗೊತ್ತಿರ್ಲಿಲ್ಲ” ಅಂತ ಮೆಲ್ಲಗೆ ಹೇಳಿ, ಕೊನೆಗೆ ಬಿದ್ದದ್ದನ್ನು ಮೊದಲು ಹಾಕಿ, ಒಂದೊಂದೇ ಸಾಮಾನನ್ನು ತಮ್ಮ ಕೈಯಿಂದ ವಾಪಸು ತುಂಬಿದರು. ಹಲಗೆಯ ಆಟವನ್ನು ನೇರ ಮನೆ ಕರೆಂಟಿನಲ್ಲಿ ಯಾರೂ ಮಾಡಬೇಡಿ ಅಂತ ನಾನು ಪ್ರತಿ ಸಲ ಒತ್ತಿ ಹೇಳುವುದೂ ಇದಕ್ಕೇ. ಬೆತ್ತಲೆ ತಂತಿಗೆ 9 ವೋಲ್ಟೇ ಸರಿ.

ಸಂಜೆಯಾಗುತ್ತಾ ಬಂತು. ಬೆಟ್ಟದ ಮೇಲೆ ದೇವಸ್ಥಾನದ ದೀಪ ಹತ್ತಿತು. ಮೊಮ್ಮಗಳು ಎರಡು ಸ್ವಿಚ್ಚೂ ಹಾಕಿ, ಫೋನು ಬಲ್ಬಿನ ಹತ್ತಿರ ಹಿಡಿದು, ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯಲ್ಲಿ ಒಂದು ಚೂರು ವಿಡಿಯೋ ತೆಗೆದಳು. ಮೂವರೂ ಕಲ್ಲಿನ ಮೇಲೆ ಬಗ್ಗಿ ನೋಡಿದೆವು. ಬರಿಗಣ್ಣಿಗೆ ಒಂದೇ ಸಮ ಉರಿಯುತ್ತಿದ್ದ ಬಲ್ಬುಗಳು ಪರದೆಯ ಮೇಲೆ ಉಸಿರಾಡುತ್ತಿದ್ದವು. ಕೆಂಪು ಏರುವಾಗ ಹಸಿರು ಇಳಿಯುತ್ತಿತ್ತು, ಹಸಿರು ಏರುವಾಗ ಕೆಂಪು. ಎಷ್ಟೋ ವರ್ಷ ಮಕ್ಕಳಿಗೆ ಬಾಯಲ್ಲಿ ಹೇಳಿದ್ದನ್ನು ನಾನು ಕಣ್ಣಲ್ಲಿ ನೋಡಿದ್ದು ಅದೇ ಮೊದಲು.

“ಗರಗಸ,” ಅಂದರು ಅಕ್ಕ.

ನಾನು ಟಾರ್ಚು, ಚುಕ್ಕೆ ದೀಪವಿಲ್ಲದ ಒಂದು ಹಳೆ ಸ್ವಿಚ್ಚು ತೆಗೆದುಕೊಂಡು ಮೇನ್ ಆಫ್ ಮಾಡಿಸಿ ಕೊಟ್ಟಿಗೆಗೆ ಹೋದೆ. ಬದಲಾಯಿಸಿ ಬಂದಾಗ ಮೊಮ್ಮಗಳು ಕೊನೆಗೂ ಅಪ್ಪಣೆ ಪಡೆದು, ಬಲ್ಬು ಬಿಚ್ಚಿಟ್ಟು ಹಲಗೆ ಮಗುಚಿ ಹಾಕಿಕೊಂಡು, ಮೀಟರಿನ ಮುಳ್ಳುಗಳನ್ನು ನಾಲ್ಕು ಡಯೋಡಿಗೂ ಮುಟ್ಟಿಸಿ ತಾನು ಬರೆದ ಚಿತ್ರದ ಜೊತೆ ಹೋಲಿಸುತ್ತಿದ್ದಳು. ನಾಲ್ಕಕ್ಕೆ ನಾಲ್ಕೂ ಅವಳು ಬರೆದ ದಿಕ್ಕಿಗೇ ಇದ್ದವು. ಅಷ್ಟರಲ್ಲಿ ಬೀದಿ ಬಾಗಿಲ ಕಡೆ ಸೈಕಲ್ ನಿಲ್ಲಿಸಿದ ಸದ್ದಾಯಿತು, ಸ್ಕೂಲಿಗೆ ಹೋಗಿದ್ದ ಚಿಕ್ಕ ಮೊಮ್ಮಗ ಬಂದಿದ್ದ.

ಅಕ್ಕ ಸ್ಕ್ರೂಡ್ರೈವರನ್ನು ಅವಳ ಕೈಗೆ ತುರುಕಿದರು. “ಬಿರ್‌ಬಿರ್ನೆ ಮುಚ್ಚಳ ಹಾಕು ಕೂಸೇ. ಅವ್ನು ನೋಡ್ಬುಟ್ಟಾನು.”